ಕೊಣನೂರು ಪಂಪಿನ ನಂಬರು

ನವೆಂಬರ್ 5, ಬುಧವಾರ

ಇವತ್ತು ಇವರು ನಕ್ಕರು. ನನ್ನ ಜೊತೆ ಅಲ್ಲ, ಫೋನಿನ ಜೊತೆ. ಹಿತ್ತಿಲಲ್ಲಿ ನಿಂತು, ಒಂದು ಕೈ ಸೊಂಟಕ್ಕೆ ಕೊಟ್ಟು, ಹೊಟ್ಟೆ ಕುಲುಕಿಸಿಕೊಂಡು ನಗುತ್ತಿದ್ದರು. ಹಾಸನದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ನಾನು ಯೂನಿಫಾರ್ಮ್ ಬದಲಾಯಿಸುವ ಮೊದಲೇ ಅಡಿಗೆಮನೆ ಕಿಟಕಿಯಿಂದ ಇದನ್ನು ನೋಡಿದೆ. ನನ್ನನ್ನು ಕಂಡ ತಕ್ಷಣ ನಗು ನಿಂತಿತು. "ಆಯ್ತು, ಕಳುಸ್ತೀನಿ" ಎಂದು ಫೋನ್ ಇಟ್ಟರು.

"ಯಾರು?" ಅಂದೆ.

"ಪಾರ್ಟಿ ಕಣೆ. ಕೊಣನೂರಿನವ್ರು. ಮೋಟ್ರು ಬೇಕಂತೆ."

ಮೋಟಾರಿನಲ್ಲಿ ನಗುವಂಥದ್ದು ಏನಿದೆ ಎಂದು ಕೇಳಿದೆ. ಟವಲ್ ಎತ್ತಿಕೊಂಡು ಒಳಗೆ ಹೋದರು. ನನ್ನ ಗಂಡ ಚನ್ನಬಸವಯ್ಯ ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ಟು, ಪೈಪು ಮಾರಲು ಶುರು ಮಾಡಿ ನಮ್ಮ ಮದುವೆಗಿಂತ ಹೆಚ್ಚು ವರ್ಷವಾಗಿದೆ. ಯಾವ ಗಿರಾಕಿಯ ಜೊತೆಯೂ ಹೀಗೆ ನಕ್ಕಿದ್ದನ್ನು ನಾನು ಕಂಡಿಲ್ಲ.

ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ಅದನ್ನು ತಪ್ಪು ಅನ್ನುವವರು ಪೊಲೀಸಿನವಳನ್ನು ಮದುವೆಯಾಗಬಾರದಿತ್ತು. ದಿನವೂ ಒಂದೇ ಹೆಸರು, 'ಕೊಣನೂರು ಪಂಪು'. ಅಂಗಡಿ ಬಾಗಿಲು ತೆಗೆದ ಮೇಲೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ, ಸಂಜೆ ಒಂದು ಸಲ. ನಂಬರನ್ನು ನನ್ನ ಫೋನಿಗೆ ಹಾಕಿ ನೋಡಿದರೆ ಪಂಪಿನ ನಿಜವಾದ ಹೆಸರು ಬಂತು. ಶಿವರಂಜನಿ! ಹೆಂಗಸನ್ನು ಪಂಪು ಎಂದು ಬರೆದಿಟ್ಟುಕೊಳ್ಳುವ ಗಂಡಸಿನ ಮನಸ್ಸಿನಲ್ಲಿ ಎಷ್ಟು ಕೆಸರಿರಬೇಕು!

ಮಗಳು ಮದುವೆಯಾಗಿ ತುಮಕೂರಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಯಾರ ಹತ್ತಿರ ಹೇಳಿಕೊಳ್ಳಲಿ? ಪೈಪಿನ ಕಂಪನಿಯವರು ಕೊಟ್ಟ ಈ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ಇದಕ್ಕೇ ಹೇಳಿಕೊಳ್ಳುತ್ತೇನೆ.

ನವೆಂಬರ್ 7, ಶುಕ್ರವಾರ

ಕೊಣನೂರಿನವಳ ಚರಿತ್ರೆ ಸಿಕ್ಕಿತು. ಹೇಳಿದ್ದು ಇವರೇ. ನಾನು ಏನೂ ಗೊತ್ತಿಲ್ಲದವಳ ಹಾಗೆ ಒಂದೊಂದೇ ಕೇಳಿದೆ. ಗಂಡ ಸಕ್ಕರೆ ಕಾಯಿಲೆಯಿಂದ ತೀರಿಕೊಂಡನಂತೆ. ಬಸ್ ಸ್ಟ್ಯಾಂಡಿನ ಎದುರು ಅವನು ಬಿಟ್ಟುಹೋದ ಪಂಪಿನ ಅಂಗಡಿಯನ್ನು ಈಗ ಇವಳೇ ನಡೆಸುತ್ತಾಳಂತೆ. ಇವರ ಅಂಗಡಿಯಿಂದ ಅಲ್ಲಿಗೆ ಮಾಲು ಹೋಗುತ್ತದೆ.

"ಗಟ್ಟಿ ಎಂಗ್ಸು ಕಣೆ. ಸುಟ್ಟೋಗಿರೋ ಮೋಟ್ರುಗೆ ತಾನೇ ಕೂತ್ಕೊಂಡು ತಾಮ್ರದ ತಂತಿ ಸುತ್ತುತಾಳೆ. ನೀನು ನೋಡ್ಬೇಕು ಅದ್ನ."

ನಾನು ಹೆಡ್ ಕಾನ್‌ಸ್ಟೆಬಲ್. ಗಲಾಟೆಯಲ್ಲಿ ಲಾಠಿ ಹಿಡಿದು ನಿಂತವಳು, ಹೆಣದ ಪಕ್ಕ ಕಾವಲು ಕೂತವಳು. "ನೀನು ನೋಡ್ಬೇಕು ನಮ್ ಪ್ರೇಮನ್ನ" ಎಂದು ಈ ಮನುಷ್ಯ ಒಬ್ಬರ ಮುಂದಾದರೂ ಹೇಳಿದ್ದುಂಟೇ? ತಂತಿ ಸುತ್ತುವವಳು ಮಾತ್ರ ಗಟ್ಟಿ ಹೆಂಗಸು.

ಆಫೀಸಿನಲ್ಲೂ ಮೈ ಉರಿಯುವುದೇ ಆಯಿತು. ನನ್ನ ಜೊತೆ ಕೆಲಸ ಮಾಡುವ ತೇಜಶ್ರೀಯ ಗಂಡ ಬೈಕ್ ತಂದು ಗೇಟಿನ ಹತ್ತಿರ ಕಾಯುತ್ತಿದ್ದ, ಕೈಯಲ್ಲಿ ಅವಳ ಸ್ವೆಟರು. ಚಳಿ ಅಂತೆ. ಹಾಸನದ ಚಳಿ ನನಗೆ ತಾಗುವುದಿಲ್ಲವೇನೋ. ಇವಳು ಕಟ್ಟಾಯದ ಹುಡುಗಿ, ಸೇರಿ ಇನ್ನೂ ಮೂರು ವರ್ಷವಾಗಿಲ್ಲ. ಟೈಪಿಂಗಿನಲ್ಲಿ ಬೆರಳು ಚುರುಕು ಅಂತ ಇನ್‌ಸ್ಪೆಕ್ಟರ್ ಸಿದ್ದೇಶ್ವರ ಸಾಹೇಬರು ಎಲ್ಲದಕ್ಕೂ "ತೇಜಶ್ರೀ, ತೇಜಶ್ರೀ" ಅನ್ನುತ್ತಾರೆ.

ನಮ್ಮಿಬ್ಬರ ಕೆಲಸವೂ ಕೇಳುವುದೇ. ಬೆಳಗಿನ ಪಾಳಿ ಒಬ್ಬಳು, ಮಧ್ಯಾಹ್ನದ ಪಾಳಿ ಇನ್ನೊಬ್ಬಳು. ಹೆಡ್‌ಫೋನ್ ಹಾಕಿಕೊಂಡು, ಆದೇಶವಾದ ನಂಬರುಗಳ ಮಾತು ಕೇಳಿ, ಕೇಸಿಗೆ ಬೇಕಾದ್ದನ್ನು ಬರೆದು ಸಾಹೇಬರ ಮೇಜಿಗೆ ಇಡಬೇಕು. ಪೇಪರಿನವರು ಇದನ್ನು ಕದ್ದಾಲಿಕೆ ಅನ್ನುತ್ತಾರೆ. ಆದೇಶ ಕೈಯಲ್ಲಿದ್ದರೆ ಕದಿಯುವುದು ಎಲ್ಲಿಂದ ಬಂತು?

ನವೆಂಬರ್ 10, ಸೋಮವಾರ

ಮಾಡಿಬಿಟ್ಟೆ.

ಅರಕಲಗೂಡು ಕಡೆಯ ಲಕ್ಕಯ್ಯ ಎಂಬ ರೌಡಿ, ಹೊಳೆನರಸೀಪುರದ ಒಬ್ಬ ಗುಜರಿ ವ್ಯಾಪಾರಿಯನ್ನು ಮುಗಿಸಲು ನಾಡಬಂದೂಕು ತರಿಸಿದ್ದಾನೆಂದು ಸುದ್ದಿ. ಲಕ್ಕಯ್ಯನ ಗುಂಪಿನ ಫೋನುಗಳನ್ನು ಕೂಡಲೇ ಕೇಳಬೇಕು. ಮಾಮೂಲಾಗಿ ಗೃಹ ಇಲಾಖೆಯ ಕಾರ್ಯದರ್ಶಿಯ ಒಪ್ಪಿಗೆ ಇಲ್ಲದೆ ನಾವು ಯಾರ ನಂಬರನ್ನೂ ಮುಟ್ಟುವ ಹಾಗಿಲ್ಲ. ಅಷ್ಟು ಕಾಯಲಾಗದ ತುರ್ತಿನಲ್ಲಿ ಐಜಿ ದರ್ಜೆಯ ಅಧಿಕಾರಿ ಆದೇಶ ಕೊಡಬಹುದು. ಆದರೆ ಏಳು ಕೆಲಸದ ದಿನದೊಳಗೆ ಬೆಂಗಳೂರಿನಿಂದ ಅದಕ್ಕೆ ಒಪ್ಪಿಗೆ ಬರಬೇಕು. ಬರದಿದ್ದರೆ ಕೇಳುವುದನ್ನು ನಿಲ್ಲಿಸಬೇಕು, ಕೇಳಿದ್ದನ್ನೆಲ್ಲ ಅಳಿಸಬೇಕು.

ಕೋರಿಕೆ ಟೈಪ್ ಮಾಡಿದ್ದು ನಾನು. ಲಕ್ಕಯ್ಯನವರ ನಂಬರುಗಳ ಕೆಳಗೆ ಇನ್ನೊಂದು ನಂಬರು ಸೇರಿಸಿದೆ. ಹೆಸರು: ತಿಳಿದಿಲ್ಲ. ಕಾರಣ: ಬಂದೂಕು ತಂದವನ ಜೊತೆ ಸಂಪರ್ಕದಲ್ಲಿರುವ ವ್ಯಕ್ತಿ. ಗಂಡನ ನಂಬರು ನನ್ನ ಸರ್ವೀಸಿನ ಕಾಗದಗಳಲ್ಲೇ ಇದೆ, ಹಾಕಿದರೆ ಸಿಕ್ಕಿಬೀಳುತ್ತೇನೆ. ಅದಕ್ಕೆ ಕೊಣನೂರು ಪಂಪನ್ನೇ ಹಾಕಿದೆ. ಒಂದು ತುದಿ ಹಿಡಿದರೆ ಸಾಕು, ಇನ್ನೊಂದು ತುದಿಯ ಮಾತೂ ಬರುತ್ತದೆ.

ಸಾಹೇಬರು ನಿಂತಲ್ಲೇ ಸಹಿ ಹಾಕಿದರು. "ಎಲ್ಲ ನೋಡಿದೀರಲ್ಲ ಮೇಡಂ?" ಅಂದರು. "ನೋಡಿದೀನಿ ಸಾ" ಅಂದೆ.

ಗೊತ್ತಾದರೆ ಯೂನಿಫಾರ್ಮ್ ಹೋಗುತ್ತದೆ. ಅಧಿಕಾರವಿಲ್ಲದೆ ಕೇಳಿದವರಿಗೆ ಮೂರು ವರ್ಷದವರೆಗೂ ಜೈಲು. ಕಾಯಿದೆ ನನಗೆ ಬಾಯಿಪಾಠ. ಆದರೂ ಆ ನಂಬರನ್ನು ತೆಗೆಯಲಿಲ್ಲ. ಅವಳ ಬಾಯಿಂದ ಒಂದೇ ಒಂದು ಮಾತು ಸಿಗಲಿ, ಸಾಕು.

ನವೆಂಬರ್ 11, ಮಂಗಳವಾರ

ಮಧ್ಯಾಹ್ನದ ಪಾಳಿ. ಲಕ್ಕಯ್ಯನ ಕಡೆಯವರು ಕೋಳಿ ಅಂಗಡಿಯ ವಿಷಯ ಮಾತಾಡಿದರು. ಬರೆದುಕೊಂಡೆ. ಆಮೇಲೆ ಅವಳ ನಂಬರಿಗೆ ಕರೆ ಬಂತು. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ, ಹೊಸದಾಗಿ ಕೆಲಸಕ್ಕೆ ಸೇರಿದವಳ ಹಾಗೆ.

"ಅಣ್ಣ, ಉಂಡ್ರಾ?"

"ಉಂಡೆ ಕಣಮ್ಮ. ಮುದ್ದೆ, ಉರುಳಿಕಾಳು ಸಾರು. ಪ್ರೇಮ ಬೆಳಗ್ಗೇನೇ ಮಾಡಿಟ್ಟೋಗಿದ್ಲು."

ಅಣ್ಣ ಅನ್ನುತ್ತಾಳೆ. ಅಣ್ಣ ಅನ್ನುವುದು ಎಲ್ಲರೂ ಹೊದ್ದುಕೊಳ್ಳುವ ಸೆರಗು. ಅದರಡಿಯಲ್ಲಿ ಏನು ನಡೆಯುತ್ತದೆಂದು ಪೊಲೀಸಿನವರಿಗೆ ಹೇಳಿಕೊಡಬೇಕಾಗಿಲ್ಲ.

ಅವಳು ಒಂದು ಕಪ್ಪೆಯ ಕಥೆ ಹೇಳಿದಳು. ಯಾರೋ ರೈತ ಮೋಟಾರು ಹೊತ್ತುಕೊಂಡು ಬಂದು, "ಅಕ್ಕ, ಇದು ಕರೆಂಟ್ ಇಲ್ದೇ ಇದ್ರೂ ಕೂಗ್ತದೆ, ದೆವ್ವ ಇಡ್ದದೆ" ಅಂದನಂತೆ. ಇವಳು ಬಿಚ್ಚಿದರೆ ಒಳಗೊಂದು ಕಪ್ಪೆ. ಕಪ್ಪೆ ಹಾರಿದ್ದಕ್ಕೆ ರೈತ ಅಂಗಡಿಯಿಂದಲೇ ಓಡಿದನಂತೆ. ಇವರು ನಗುತ್ತಾರೆ, ನಗುತ್ತಾರೆ, ಕೆಮ್ಮು ಬರುವ ತನಕ ನಗುತ್ತಾರೆ. ಹೆಡ್‌ಫೋನಿನಲ್ಲಿ ಆ ನಗು ನನ್ನ ತಲೆಯ ಒಳಗೇ ಆದ ಹಾಗಿತ್ತು. ಮದುವೆಯಾದ ಹೊಸತರಲ್ಲಿ ಶ್ರವಣಬೆಳಗೊಳದ ಬೆಟ್ಟ ಹತ್ತುವಾಗ ನಾನು ಏದುಸಿರು ಬಿಡುವುದನ್ನು ನೋಡಿ ಹೀಗೇ ನಕ್ಕಿದ್ದರು.

ಮನೆಗೆ ಬಂದು, ಆ ಕಪ್ಪೆ ನನ್ನ ಹತ್ತಿರಕ್ಕೂ ಬರುತ್ತದೇನೋ ಎಂದು ಕಾದೆ.

"ಇವತ್ತೇನು ವಿಶೇಷ?"

"ಏನೈತೆ ಕಣೆ? ದಿನಾ ಇದ್ದಂಗೆ."

ನವೆಂಬರ್ 12, ಬುಧವಾರ

ಕೆಟ್ಟ ಮಾತು ಒಂದೂ ಇಲ್ಲ. ಆಡಿದ್ದರೆ ಇಷ್ಟು ಹೊತ್ತಿಗೆ ಜುಟ್ಟು ಹಿಡಿದು ಜಗಳ ಮಾಡಿ ಮುಗಿಸುತ್ತಿದ್ದೆ. ಬಸ್ಸು ತಡವಾದದ್ದು, ಬೆರಳಿಗೆ ತಂತಿ ಚುಚ್ಚಿದ್ದು, ಕಾವೇರಿಯಲ್ಲಿ ನೀರು ಎಷ್ಟಿದೆ ಅನ್ನುವುದು. ಇದಕ್ಕೆ ಯಾವ ಕಲಂ ಹಾಕಲಿ?

ನವೆಂಬರ್ 13, ಗುರುವಾರ

ಸಿಕ್ಕಿತು. ಆದರೆ ನಾನು ಹುಡುಕುತ್ತಿದ್ದದ್ದಲ್ಲ.

ಬೆಳಗಿನ ಪಾಳಿ. ಇವರೇ ಫೋನ್ ಮಾಡಿದ್ದು. ಮಾತಾಡಿದ್ದನ್ನು ಹಾಗೆಯೇ ಬರೆಯುತ್ತೇನೆ. ಹಾಗೆಯೇ ಬರೆಯುವುದು ನನಗೆ ರೂಢಿ.

ಎ: ಹೊಳೆನರಸೀಪುರದಲ್ಲಿ ರಕ್ತ ಕೊಟ್ಟಿದ್ನಲ್ಲ, ರಿಪೋರ್ಟ್ ಬಂತು ಕಣಮ್ಮ. ಸಕ್ಕರೆ ಕಾಯ್ಲೆ ಅಂದ್ರು. ಜಾಸ್ತೀನೇ ಐತಂತೆ.

ಬಿ: ಎದ್ರುಕೋಬ್ಯಾಡಿ ಅಣ್ಣ. ನಮ್ಮೋರು ಮಾತ್ರೆ ಸರ್ಯಾಗಿ ತಗೊಳ್ಳಿಲ್ಲ, ಅದ್ಕೆ ಅಂಗಾಯ್ತು. ನೀವ್ ತಗೊಳ್ಳಿ, ಏನೂ ಆಗಲ್ಲ. ಅಕ್ಕಂಗೆ ಏಳುದ್ರಾ?

ಎ: ಇಲ್ಲ.

ಬಿ: ಯಾಕಣ್ಣ?

ಎ: ಏಳುದ್ರೆ ವಿಚಾರ್ಣೆ ಶುರು ಮಾಡ್ತಾಳೆ ಕಣಮ್ಮ. ಯಾವತ್ತಿಂದ, ಯಾವ ಡಾಕ್ಟ್ರು, ಯಾಕೆ ಏಳ್ಲಿಲ್ಲ, ಏನ್ ತಿಂದ್ರಿ. ನಂಗೇ ಜೀವ ಪುಕಪುಕ ಅಂತೈತೆ. ಅದ್ರ ಮ್ಯಾಲೆ ಅವಳ ಪ್ರಶ್ನೆಗೆ ಉತ್ರ ಏಳೋ ಶಕ್ತಿ ನಂಗಿಲ್ಲ.

'ಎ' ಎಂದು ಬರೆದಿದ್ದೇನೆ. ಗಂಡನ ಹೆಸರು ಹೇಳಬಾರದೆಂದು ಅತ್ತೆ ಕಲಿಸಿದ್ದರು, ಇಲಾಖೆಯೂ ಅದನ್ನೇ ಕಲಿಸಿದೆ. ಇರಲಿ.

ನನಗೆ ಕೋಪ ಬಂದದ್ದು ಕಾಯಿಲೆಗಲ್ಲ. ಅದು ನನ್ನ ಮನೆಯ ಕಾಯಿಲೆ. ಆ ರಿಪೋರ್ಟು ಮೊದಲು ನನ್ನ ಕೈಗೆ ಬರಬೇಕಿತ್ತು. ಹೆದರುವುದಿದ್ದರೆ ನನ್ನ ಮುಂದೆ ಹೆದರಬೇಕಿತ್ತು. ಕೊಣನೂರಿನ ಅಂಗಡಿಯಲ್ಲಿ ಕೂತವಳಿಗೆ ಯಾಕೆ ಕೊಟ್ಟರು ಅದನ್ನು? ನಾನೇನು ವಿಚಾರಣೆ ಮಾಡುತ್ತೇನೆ? ಯಾವತ್ತು ಮಾಡಿದ್ದೇನೆ? ಇವತ್ತು ಸಂಜೆ ಬಂದಾಗ ಕೇಳಿಯೇಬಿಡಬೇಕು ಅಂದುಕೊಂಡೆ. ಕೇಳಿದರೆ ನನಗೆ ಹೇಗೆ ಗೊತ್ತಾಯಿತು ಎಂದು ಹೇಳಬೇಕಾಗುತ್ತದಲ್ಲ. ಬಾಯಿ ಮುಚ್ಚಿಕೊಂಡು ಚಪಾತಿ ಲಟ್ಟಿಸಿದೆ.

ನವೆಂಬರ್ 14, ಶುಕ್ರವಾರ

ಬರೆಯುವಂಥದ್ದು ಏನೂ ಆಗಲಿಲ್ಲ. ಬೆಳಿಗ್ಗೆ ಬೇಗ ಎದ್ದು ಅವಲಕ್ಕಿ ಬೇಡವೆಂದು ರಾಗಿ ರೊಟ್ಟಿ ತಟ್ಟಿದೆ. ಕಾಫಿ ಮಾಡಿ ಕೊಟ್ಟೆ, ಅವರದ್ದಕ್ಕೆ ಸಕ್ಕರೆ ಹಾಕಲಿಲ್ಲ. ಒಂದು ಗುಟುಕು ಕುಡಿದು, ಲೋಟವನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತರು. ನನ್ನ ಮುಖ ನೋಡಿದರು. ಆಮೇಲೆ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಅಂಗಡಿಗೆ ಹೋದರು. ತಾವೇ ಲೋಟ ತೊಳೆದದ್ದು ಆಶ್ಚರ್ಯ.

ನವೆಂಬರ್ 15, ಶನಿವಾರ

ತೇಜಶ್ರೀ ಊರಿನಿಂದ ಅವರೆಕಾಯಿ ತಂದುಕೊಟ್ಟಳು. ನನ್ನ ಪಾಳಿಯನ್ನೂ ತಾನೇ ನೋಡಿಕೊಳ್ಳುತ್ತೇನೆ, ಮನೆಗೆ ಹೋಗಿ ಅಂದಳು. "ಅಣ್ಣಾವ್ರು ಹೆಂಗವ್ರೆ ಅಕ್ಕ? ಚೆನ್ನಾಗಿ ನೋಡ್ಕೊಳ್ಳಿ" ಅಂತ ಬೇರೆ. ಈ ಹುಡುಗಿಗೆ ರಜ ಏನಾದರೂ ಬೇಕಾಗಿರಬೇಕು. ನನ್ನ ಗಂಡನ ಯೋಗಕ್ಷೇಮ ಇವಳಿಗೆ ಯಾಕೆ? ಆಯುಧಪೂಜೆಯ ದಿನ ಆಫೀಸಿನಲ್ಲಿ ಇವರ ಜೊತೆ ಎರಡು ಮಾತಾಡಿದ್ದೇ ಪರಿಚಯವಾಗಿಬಿಟ್ಟಿತು.

ನಾನು ಮನೆಗೆ ಹೋಗಲಿಲ್ಲ. ಪಾಳಿ ಬಿಟ್ಟುಕೊಡುತ್ತೇನೆಯೇ?

ಅಂದಹಾಗೆ, ಅವರಿಬ್ಬರ ಮಾತು ಕಮ್ಮಿಯಾಗಿದೆ. ನಿನ್ನೆ ಒಂದೇ ಕರೆ. "ಒಂದೂವರೆ ಇಂಚಿನ ಪೈಪು ನಾಳಿದ್ದು ಬರುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ." ಇವರು ಹೀಗೆ ಆಕಾಶವಾಣಿಯವರ ಹಾಗೆ ಮಾತಾಡುವುದನ್ನು ಯಾವತ್ತೂ ಕೇಳಿರಲಿಲ್ಲ. ಅವಳು "ಯಾಕಣ್ಣ ಇಂಗ್ ಮಾತಾಡ್ತಿದೀರಾ?" ಅಂದಳು. "ಏನಿಲ್ಲಮ್ಮ, ಇಡುತ್ತೇನೆ" ಅಂದರು. ಜಗಳವಾಗಿರಬೇಕು. ಆಗಲಿ. ಸಂಜೆಗೆ ಅವರೆಕಾಳಿನ ಉಪ್ಪಿಟ್ಟು ಮಾಡಿದೆ, ಎಣ್ಣೆ ಕಮ್ಮಿ ಹಾಕಿ.

ನವೆಂಬರ್ 16, ಭಾನುವಾರ

ಇಬ್ಬರೂ ಮನೆಯಲ್ಲೇ. ಇವರು ಫೋನನ್ನು ಟೀವಿಯ ಪಕ್ಕ ಇಟ್ಟು, ಹೊಡೆದುಕೊಂಡರೂ ಎತ್ತಲಿಲ್ಲ. ಕೊಣನೂರು ಪಂಪು ಎರಡು ಸಲ. ನನಗೆ ಒಳಗೊಳಗೇ ಸಂತೋಷವಾಯಿತು. ಸಂಜೆ ಹೊತ್ತಿಗೆ ಯಾಕೋ ಅದು ಹೋಯಿತು. ಫೋನ್ ಎತ್ತದ್ದಕ್ಕೆ ಶಿವರಂಜನಿ ಅಲ್ಲಿ ಏನು ಅಂದುಕೊಂಡಿರುತ್ತಾಳೋ. ಮಾತ್ರೆ ತಗೊಂಡರೋ ಇಲ್ಲವೋ ಎಂದು ಕೇಳುವುದಕ್ಕೆ ಮಾಡಿದ್ದಿರಬೇಕು. ಮಾತ್ರೆ ಎಲ್ಲಿ ಇಟ್ಟಿದ್ದಾರೆಂದು ನಾನು ಹುಡುಕಿದೆ. ಅಂಗಿಯ ಜೇಬಿನಲ್ಲಿತ್ತು. ತಗೊಂಡಿದ್ದಾರೆ.

ನವೆಂಬರ್ 17, ಸೋಮವಾರ



ಲಕ್ಕಯ್ಯ ಸಿಕ್ಕಿಬಿದ್ದ, ಬಂದೂಕಿನ ಸಮೇತ. ಆಫೀಸಿನಲ್ಲಿ ಎಲ್ಲರಿಗೂ ಸಿಹಿ ಹಂಚಿದರು. ಆಮೇಲೆ ಸಾಹೇಬರು ನಮ್ಮ ಕೋಣೆಗೆ ಬಂದು ನಿಂತರು.

"ಬೆಂಗಳೂರಿನವರು ಒಂದೊಂದು ನಂಬರಿಗೂ ಆಧಾರ ಕೇಳಿದ್ದಾರೆ. ನಾಳೆ ಕಡೇ ದಿನ. ಈ ಕೊಣನೂರಿನ ನಂಬರು ಒಂದು ಹೆಂಗಸಿಂದಂತೆ, ಪಂಪಿನ ಅಂಗಡಿಯಂತೆ. ನಾಳೆ ಬೆಳಿಗ್ಗೆ ಜೀಪು ಕಳಿಸ್ತೀನಿ. ಕರ್ಕೊಂಡು ಬಂದು ಕೇಳಿದ್ರೆ ಬಂದೂಕಿನ ಸಂಬಂಧ ಏನು ಅಂತ ಅವಳೇ ಹೇಳ್ತಾಳೆ."

ಮೊದಲು ನನಗಾದದ್ದನ್ನು ಸುಳ್ಳು ಹೇಳದೆ ಬರೆಯುತ್ತೇನೆ. ಕುಣಿಯಬೇಕು ಅನ್ನಿಸಿತು. ಬಸ್ ಸ್ಟ್ಯಾಂಡಿನ ಎದುರು ಜೀಪು, ಸುತ್ತ ಜನ, ತಾಮ್ರದ ತಂತಿ ಹಿಡಿದ ಕೈ ಹಾಗೇ ನಿಂತಿರುವುದು. ಗಟ್ಟಿ ಹೆಂಗಸು ಜೀಪು ಹತ್ತುವುದನ್ನು ಇವರೂ ನೋಡಬೇಕು.

ಸಾಹೇಬರು ಹೋದ ಮೇಲೆ ತೇಜಶ್ರೀ ಬಾಗಿಲು ಮುಂದಕ್ಕೆ ದೂಡಿದಳು.

"ಅಕ್ಕ, ಆ ನಂಬ್ರು ತೆಗೆಸ್ಬುಡಿ. ಅವಮ್ಮ ಬಂದೂಕು ಕಂಡಿಲ್ಲ, ಮಣ್ಣು ಕಂಡಿಲ್ಲ. ನಾನೂ ಕೇಳಿದೀನಲ್ಲ."

"ಕೇಳಿದೀಯಾ? ಏನ್ ಕೇಳಿದೀಯಾ?"

ಅವಳು ನೆಲ ನೋಡಿದಳು. "ಅಣ್ಣಾವ್ರ ಧ್ವನಿ ಗುರ್ತು ಸಿಕ್ತು ಅಕ್ಕ. ಆಯುಧಪೂಜೇಲಿ ಮಾತಾಡ್ಸಿದ್ನಲ್ಲ. ಗುರುವಾರ ನೀವು ಮನೆಗೆ ಓದ್ಮೇಲೆ ಇನ್ನೊಂದು ಫೋನ್ ಬಂತು. ಅಣ್ಣಾವ್ರು ಅತ್ಬುಟ್ರು. 'ನಂಗೆ ಏನಾದ್ರೂ ಆದ್ರೆ ಪ್ರೇಮ ಒಬ್ಳೇ ಆಗೋಯ್ತಾಳೆ, ಅವಳಿಗೆ ಜಗಳ ಆಡೋಕೂ ಜನ ಇರಲ್ಲ' ಅಂತ ಅತ್ರು. ಕೇಳೋಕಾಗ್ದೆ ಎಡ್‌ಫೋನ್ ತೆಗೆದಿಟ್ಟೆ."

ನನ್ನ ಗಂಡ ಅತ್ತದ್ದು. ನಾನು ಅದನ್ನು ಒಮ್ಮೆಯೂ ಕಂಡಿಲ್ಲ. ಅವರ ಅಪ್ಪ ಸತ್ತಾಗಲೂ ಕಂಡಿಲ್ಲ. ಕೊಣನೂರಿನವಳು ಕೇಳಿದ್ದಾಳೆ, ಈ ಕಟ್ಟಾಯದ ಹುಡುಗಿ ಕೇಳಿದ್ದಾಳೆ, ನಾನು ಕೇಳಿಲ್ಲ. ಅದೂ ನನ್ನ ಬಗ್ಗೆ ಅತ್ತದ್ದು! ಒಂದು ನಿಮಿಷ ತೇಜಶ್ರೀಯ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ನಂಬರು ಹಾಕಿದ್ದು ನಾನು, ಕೇಳಬೇಕಾದವಳೂ ನಾನೊಬ್ಬಳೇ ಅಂದುಕೊಂಡಿದ್ದೆ. ಪಾಳಿ ಬದಲಾಗುತ್ತದೆ ಅನ್ನುವುದು ಹೇಗೆ ನೆನಪಿರಲಿಲ್ಲವೋ.

"ಆ ರೆಕಾರ್ಡಿಂಗ್ ಎಲ್ಲಿದೆ?" ಅಂದೆ.

"ಬ್ಯಾಡ ಅಕ್ಕ."

"ಎಲ್ಲಿದೆ ಅಂದೆ."

ತೋರಿಸಿದಳು. ಹೆಡ್‌ಫೋನ್ ಹಾಕಿಕೊಂಡೆ. ಗುಂಡಿ ಒತ್ತಲಿಲ್ಲ. ಸುಮ್ಮನೆ ಹಾಕಿಕೊಂಡು ಕೂತಿದ್ದೆ. ಆಮೇಲೆ ಬಸ್ಸಿಗೆ ಹೊತ್ತಾಯಿತು.

ನವೆಂಬರ್ 18, ಮಂಗಳವಾರ

ನಾನು ಆಫೀಸು ತಲುಪುವ ಹೊತ್ತಿಗೆ ಜೀಪು ಹೊರಟುಹೋಗಿತ್ತು. ಬಸ್ಸಿನಲ್ಲಿ ಬರುವಾಗಲೂ ಹೇಳಬೇಕು ಅಂತ ತೀರ್ಮಾನ ಮಾಡಿರಲಿಲ್ಲ. ಜೀಪು ಇಲ್ಲದ್ದನ್ನು ನೋಡಿದ ಮೇಲೆ ಕಾಲು ತಾನಾಗಿ ಸಾಹೇಬರ ಕೋಣೆಗೆ ನಡೆಯಿತು.

"ಸಾ, ಜೀಪು ವಾಪಸ್ ಕರೆಸಿ."

"ಯಾಕ್ರೀ?"

"ಆ ಹೆಂಗ್ಸಿಗೂ ಲಕ್ಕಯ್ಯಂಗೂ ಸಂಬಂಧ ಇಲ್ಲ ಸಾ. ನಾನು ಸುಳ್ಳು ಬರೆದಿದ್ದು. ಅದು ನಮ್ಮೆಜಮಾನ್ರು ಮಾತಾಡೋ ನಂಬ್ರು."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಮೊದಲು ಫೋನ್ ಎತ್ತಿಕೊಂಡರು. ಜೀಪು ಅರಕಲಗೂಡು ದಾಟಿ ಕೊಣನೂರಿನ ದಾರಿಯಲ್ಲಿತ್ತು. ಡ್ರೈವರ್ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಜೀಪಿನ ಹಿಂದೆ ಕೂತ ಮಹಿಳಾ ಪೇದೆಯ ನಂಬರನ್ನು ನಾನೇ ನೆನಪಿನಿಂದ ಹೇಳಿದೆ. ಅವಳು ಎತ್ತಿದಳು. "ಊರೊಳಗೆ ಬಂದ್ವಿ ಸಾ, ಬಸ್ ಸ್ಟ್ಯಾಂಡ್ ಕಾಣ್ತಾ ಐತೆ" ಅಂದಳು.

"ಇಳೀಬೇಡಿ. ಟೀ ಕುಡಿದು ವಾಪಸ್ ಬನ್ನಿ."

ಆಮೇಲೆ ನನ್ನ ಕಡೆ ತಿರುಗಿದರು. "ಇದರ ಮೇಲೆ ಐಜಿ ಸಾಹೇಬ್ರ ಸಹಿ ಇದೆ. ನನ್ನ ಸಹಿ ಇದೆ. ಕೊಲೆ ಆಗ್ತದೆ ಅನ್ನೋ ಭಯದಲ್ಲಿ ನಮಗೆ ಕೊಟ್ಟ ಅಧಿಕಾರ ಇದು. ನಿಮ್ಮ ಮನೆಯ ಹೊಟ್ಟೆಕಿಚ್ಚಿಗೆ ಕೊಟ್ಟಿದ್ದಲ್ಲ." ಧ್ವನಿ ಏರಲಿಲ್ಲ. "ನಡೆದದ್ದೆಲ್ಲ ಬರ್ಕೊಡಿ. ನಾನು ಮುಚ್ಚಿಡೋಕೆ ಆಗಲ್ಲ."

ಬರೆದುಕೊಟ್ಟೆ. ಹೊಟ್ಟೆಕಿಚ್ಚು ಅನ್ನುವ ಪದ ನಾನು ಬರೆಯಲಿಲ್ಲ. 'ವೈಯಕ್ತಿಕ ಕಾರಣ' ಎಂದು ಬರೆದೆ.

ನವೆಂಬರ್ 20, ಗುರುವಾರ

ಅಮಾನತು ಆದೇಶ ಬಂತು. ಪ್ರಕರಣವೂ ದಾಖಲಾಗುತ್ತದಂತೆ. ಮಧ್ಯಾಹ್ನ ತೇಜಶ್ರೀ ಫೋನ್ ಮಾಡಿ, ಆ ನಂಬರಿಗೆ ಒಪ್ಪಿಗೆ ಬರಲಿಲ್ಲ, ನಿಯಮದ ಹಾಗೆ ಎಲ್ಲವನ್ನೂ ಅಳಿಸಿದೆವು ಅಂದಳು. ಅತ್ತದ್ದನ್ನೂ ಅಳಿಸಿದಿರಾ ಎಂದು ಕೇಳಿದೆ. ಅದನ್ನೂ ಅಂದಳು. ಇನ್ನು ಅದನ್ನು ಕೇಳಲು ನನಗೆ ಯಾವತ್ತೂ ಆಗುವುದಿಲ್ಲ.

ಸಂಜೆ ಇವರಿಗೆ ಹೇಳಿದೆ. ನಿಂತುಕೊಂಡೇ ಹೇಳಿದೆ, ಸಾಹೇಬರ ಮುಂದೆ ನಿಂತ ಹಾಗೆ. ಇವರು ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

"ಗೊತ್ತು" ಅಂದರು.

"ಯಾರು ಹೇಳಿದ್ರು?"

"ಯಾರೂ ಏಳ್ಲಿಲ್ಲ. ಸಕ್ರೆ ಆಕ್ದೆ ಕಾಪಿ ಕೊಟ್ಯಲ್ಲ, ಅವತ್ತೇ. ನನ್ ಕಾಯ್ಲೆ ವಿಷ್ಯ ಡಾಕ್ಟ್ರು ಬಿಟ್ರೆ ರಂಜನಿಗೆ ಮಾತ್ರ ಗೊತ್ತಿತ್ತು, ಅದೂ ಫೋನ್‌ನಲ್ಲಿ. ನೀನು ಏನ್ ಕೆಲ್ಸ ಮಾಡ್ತೀಯ ಅಂತ ನಂಗೆ ಗೊತ್ತಿಲ್ವೇನೆ?"

ಅವತ್ತಿನಿಂದ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಕಾಫಿಯನ್ನು ದಿನಾ ಕುಡಿದರು.

"ಯಾಕೆ ಕೇಳ್ಲಿಲ್ಲ ನೀವು?"

"ವಿಚಾರ್ಣೆ ಮಾಡೋದು ನಂಗ್ ಬರಲ್ಲ ಕಣೆ." ಚಪ್ಪಲಿ ಬಿಚ್ಚಿದರು, ಮತ್ತೆ ಹಾಕಿಕೊಂಡರು. "ನೀನ್ ಕೇಳಿದ್ದು ಓಗ್ಲಿ. ಎಂಡ್ತಿ. ಇನ್ನೂ ಯಾರಾದ್ರೂ ಕೇಳುದ್ರಾ?"

ಇಲ್ಲ ಅನ್ನಬಹುದಿತ್ತು. "ತೇಜಶ್ರೀ" ಅಂದೆ.

"ನಾನು ಅತ್ತಿದ್ನ?"

"ಹೂಂ."

ಮುಚ್ಚಿ ಬಂದಿದ್ದ ಅಂಗಡಿಗೆ ವಾಪಸ್ ಹೋದರು. ಊಟದ ಹೊತ್ತಿಗೆ ಬಂದು ಉಂಡರು. ಬೇಕು, ಬೇಡ, ಸಾಕು. ಈ ಮೂರು ಮಾತು.

ನವೆಂಬರ್ 24, ಸೋಮವಾರ

ಫೋನ್ ಬಂದರೆ ಈಗ ಇವರು ಸ್ಪೀಕರಿಗೆ ಹಾಕುತ್ತಾರೆ. ಪೈಪಿನ ಕಂಪನಿ, ಲಾರಿಯವನು, ತುಮಕೂರಿನಿಂದ ಮಗಳು, ಯಾರೇ ಆಗಲಿ. ನಾನು ಅಡಿಗೆಮನೆಯಲ್ಲಿದ್ದರೆ ಫೋನನ್ನು ಅಲ್ಲಿಗೇ ತಂದು ಕಟ್ಟೆಯ ಮೇಲಿಟ್ಟು ಮಾತಾಡುತ್ತಾರೆ. ಮುಖದಲ್ಲಿ ಕೋಪವಿಲ್ಲ. ಬೇಡಿ ಅಂದೆ.

"ಇರ್ಲಿ ಕಣೆ. ಆಮೇಲೆ ನಿಂಗೆ ತೊಂದ್ರೆ ಆಗ್ಬಾರ್ದು."

ಡಿಸೆಂಬರ್ 3, ಬುಧವಾರ

ಮುಂದಿನ ವಾರ ಇಲಾಖಾ ವಿಚಾರಣೆ. ವಕೀಲರು ಕೆಲಸ ಉಳಿಯುವುದು ಕಷ್ಟ ಅಂದರು. ಅದರ ಬಗ್ಗೆ ಬರೆಯಬೇಕೆಂದು ಡೈರಿ ತೆಗೆದೆ. ಬರೆಯುವುದು ಬೇರೆಯೇ ಆಗುತ್ತಿದೆ.

ಸಂಜೆ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಒಳಗೆ ಫೋನ್ ಹೊಡೆದುಕೊಂಡಿತು. ಕೇಳಿಸಿಕೊಳ್ಳಬಾರದು ಅಂತಲೇ ನಾನು ಈಗ ಹೆಚ್ಚು ಹೊತ್ತು ಹಿತ್ತಿಲಲ್ಲಿರುತ್ತೇನೆ. ಇವರು ಫೋನ್ ಹಿಡಿದುಕೊಂಡು ಬಂದರು. ಕಲ್ಲಿನ ಮೇಲೆ, ತೊಳೆದ ತಟ್ಟೆಗಳ ಪಕ್ಕ, ಇಟ್ಟರು.

"ಅಣ್ಣ, ಸಂದಾಕಿದೀರಾ? ಮಾತ್ರೆ ತಗತಿದೀರಾ?" ಶಿವರಂಜನಿ.

"ತೆಗೆದುಕೊಳ್ಳುತ್ತಿದ್ದೇನೆ. ಪ್ರೇಮ ಇಲ್ಲೇ ಇದ್ದಾಳೆ. ಕೇಳಿಸಿಕೊಳ್ಳುತ್ತಿದ್ದಾಳೆ. ಹೇಳಿ."

ಅವಳು ಮೆಲ್ಲಗೆ, "ಅಕ್ಕ, ಉಂಡ್ರಾ?" ಅಂದಳು.

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ತೊಳೆದಿದ್ದ ತಟ್ಟೆಯನ್ನೇ ಮತ್ತೆ ತೊಳೆದೆ.

"ಎರಡು ಮೋಟಾರು ಬೇಕೆಂದಿದ್ದಿರಿ. ನಾಳೆ ಲಾರಿಯಲ್ಲಿ ಬರುತ್ತವೆ" ಅಂದರು ಇವರು. ತಿದ್ದಿದ ಮಾತು, ಪೂರ್ತಿ ವಾಕ್ಯ, ಎಲ್ಲೂ ಏರಿಲ್ಲ ಇಳಿದಿಲ್ಲ. ನಮ್ಮ ಕೆಲಸದಲ್ಲಿರುವ ಯಾರಿಗಾದರೂ ಈ ಧ್ವನಿ ಗೊತ್ತು. ಯಾರೋ ಕೇಳುತ್ತಿದ್ದಾರೆಂದು ತಿಳಿದುಹೋದ ಮೇಲೆ ಮನುಷ್ಯ ಹೀಗೆಯೇ ಮಾತಾಡುತ್ತಾನೆ. ಆಮೇಲೆ ಆ ನಂಬರಿನಿಂದ ನಮಗೆ ಏನೂ ಸಿಗುವುದಿಲ್ಲ, ಕೇಳುವುದನ್ನು ನಿಲ್ಲಿಸುತ್ತೇವೆ. ಆದರೆ ಇವರು ನನ್ನ ಗಂಡ. ನಾನು ಎಲ್ಲಿ ನಿಲ್ಲಿಸಲಿ?

ಅವಳಿಗೂ ಆ ನಗು ಉಳಿಯಲಿಲ್ಲ. ಇದಕ್ಕೆ ನನಗೆ ಖುಷಿಯಾಗಬೇಕಿತ್ತು. ಶಿವರಂಜನಿ ಮತ್ತೊಂದು ಕಪ್ಪೆಯ ಕಥೆ ಹೇಳಲಿ, ಇವರು ಕೆಮ್ಮು ಬರುವ ತನಕ ನಗಲಿ, ಬೇಕಾದರೆ ನಾನು ಬೀದಿಯ ಆ ತುದಿಗೆ ಹೋಗಿ ನಿಲ್ಲುತ್ತೇನೆ ಅನ್ನಿಸಿತು.

ಫೋನ್ ಇನ್ನೂ ಕಲ್ಲಿನ ಮೇಲೇ ಇತ್ತು, ಇವರು ಅದೇ ಧ್ವನಿಯಲ್ಲಿ ಲೆಕ್ಕ ಹೇಳುತ್ತಿದ್ದರು. ನಾನು ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಾಣಲೆಯನ್ನು ಜೋರಾಗಿ ಉಜ್ಜಿದೆ. ಆದರೂ ಕೇಳಿಸಿತು.